ಕೆಂಪು ದೀಪಸ್ತಂಭದ ಹತ್ತೊಂಬತ್ತು ಪ್ರತಿಗಳು

ನಮ್ಮ ಕತ್ರಿಗುಪ್ಪೆಯ ಬಾಡಿಗೆ ಮನೆಯಲ್ಲಿ ಮೂರು ಕೋಣೆಗಳಿದ್ದವು. ಒಂದು ಅಡುಗೆಯದು, ಇನ್ನೊಂದು ಅಪ್ಪ ಅಮ್ಮನದು. ಬೀದಿಗೆ ಕಿಟಕಿಯಿದ್ದ ಮೂರನೆಯದರಲ್ಲಿ ನಾನು, ಪದ್ದತ್ತೆ ಮತ್ತು ವಿಕ್ರಮಕೇತುವಿನ ಪುಸ್ತಕಗಳು ಇರುತ್ತಿದ್ದೆವು. ಪದ್ದತ್ತೆ ಅಪ್ಪನ ಅಕ್ಕ. ಮದುವೆಯಾಗಿರಲಿಲ್ಲ. ಪ್ರಾಯದಲ್ಲಿ ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸ ಮಾಡುತ್ತಿದ್ದಳು. ಕಂಪ್ಯೂಟರ್ ಬಂದು ಆ ಕೆಲಸ ಹೋದ ಮೇಲೆ ಮನೆಯಲ್ಲೇ ಕೂತು ಸೀರೆಗಳಿಗೆ ಫಾಲ್ಸ್ ಹಾಕುತ್ತಿದ್ದಳು. ವಿಕ್ರಮಕೇತು ಎಂಬುದು ಅವಳ ಕಾಲದ ಒಬ್ಬ ಸಾಹಸ ಕಾದಂಬರಿಕಾರರ ಕಾವ್ಯನಾಮ. ಅಂಗೈಯಗಲದ ಪುಸ್ತಕಗಳು, ಮುಖಪುಟದಲ್ಲಿ ಹಡಗು, ಹೆಬ್ಬಾವು, ಹೊಗೆಯಾಡುವ ಪಿಸ್ತೂಲು. ಒಂದು ಕಾಲಕ್ಕೆ ಬಸ್‌ ಸ್ಟ್ಯಾಂಡಿನ ಅಂಗಡಿಗಳಲ್ಲಿ ಹಗ್ಗಕ್ಕೆ ನೇತುಹಾಕಿ ಮಾರುತ್ತಿದ್ದರಂತೆ. ಎಲ್ಲದರಲ್ಲೂ ನಾಯಕ ಒಬ್ಬನೇ, ಕ್ಯಾಪ್ಟನ್ ಭಾರ್ಗವ. ಪದ್ದತ್ತೆ ಹೋಗಿ ಈಗ ಏಳು ತಿಂಗಳಾಯಿತು. ಅವಳ ಬಟ್ಟೆಗಳನ್ನು ಕೊಟ್ಟಾಯಿತು, ಕನ್ನಡಕವನ್ನೂ ಕೊಟ್ಟಾಯಿತು. ಪುಸ್ತಕಗಳನ್ನು ಮಾತ್ರ ಏನು ಮಾಡಬೇಕೆಂದು ತಿಳಿಯದೆ ನಾನು ಇದನ್ನು ಬರೆಯಲು ಕೂತಿದ್ದೇನೆ.

ಭಾನುವಾರಗಳಲ್ಲಿ ಅವಳು ನನ್ನನ್ನು ಕರೆದುಕೊಂಡು ಹಳೇ ಪುಸ್ತಕ ಹುಡುಕಲು ಹೋಗುತ್ತಿದ್ದಳು. ಜಯನಗರದ ಕಾಂಪ್ಲೆಕ್ಸಿನ ಹೊರಗಿನ ಫುಟ್‌ಪಾತ್, ಗಾಂಧಿಬಜಾರಿನ ಒಂದು ಗಲ್ಲಿ, ಬನಶಂಕರಿಯಲ್ಲಿ ಮುಚ್ಚುವ ಹಂತಕ್ಕೆ ಬಂದಿದ್ದ ಒಂದು ಬಾಡಿಗೆ ಪುಸ್ತಕದ ಅಂಗಡಿ. ನನಗೆ ಆಗ ಹನ್ನೊಂದು ವರ್ಷ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕುಕ್ಕರುಗಾಲಿನಲ್ಲಿ ಕೂತು ರಾಶಿಯನ್ನು ಕೆದಕುವಾಗ ನಾನು ಚೀಲ ಹಿಡಿದು ನಿಂತಿರುತ್ತಿದ್ದೆ. 'ಏಳನೆಯ ಸುರಂಗ' ಸಿಕ್ಕರೆ, 'ಹವಳದ್ವೀಪದ ಹಾವಾಡಿಗ' ಸಿಕ್ಕರೆ ಅವಳ ಮುಖ ಅರಳುತ್ತಿತ್ತು. ಆದರೆ 'ಕೆಂಪು ದೀಪಸ್ತಂಭ' ಎಂಬ ಒಂದು ಪುಸ್ತಕವಿತ್ತು. ಅದು ಕಣ್ಣಿಗೆ ಬಿದ್ದರೆ ಪೊಲೀಸರನ್ನು ಕಂಡವಳ ಹಾಗೆ ಸುತ್ತ ನೋಡುತ್ತಿದ್ದಳು. ಚೌಕಾಸಿ ಮಾಡದೆ ಕೊಂಡು, ಬೇರೆ ಪುಸ್ತಕಗಳ ಕೆಳಗೆ, ಚೀಲದ ತಳಕ್ಕೆ ತಳ್ಳುತ್ತಿದ್ದಳು. ಫುಟ್‌ಪಾತಿನವನು ಒಮ್ಮೆ ಕೇಳಿಯೇಬಿಟ್ಟ.

"ಏನಕ್ಕಾ, ಹೋದ್ ತಿಂಗ್ಳೂ ಇದ್ನೇ ತಗೊಂಡ್ ಹೋದ್ರಲ್ಲ?"

"ಅದು ನಮ್ ಫ್ರೆಂಡಿಗೆ ಕಣಪ್ಪ."

"ಇದು?"

"ಇದು ಅವರ ತಂಗಿಗೆ."

ಪದ್ದತ್ತೆಗೆ ಫ್ರೆಂಡುಗಳು ಯಾರೂ ಇರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಮನೆಗೆ ಬಂದ ಮೇಲೆ ಉಳಿದ ಪುಸ್ತಕಗಳು ಬೀರುವಿನ ಗಾಜಿನ ಹಿಂದೆ ಸಾಲಾಗಿ ನಿಲ್ಲುತ್ತಿದ್ದವು. ಕೆಂಪು ದೀಪಸ್ತಂಭ ಮಾತ್ರ ಮಂಚದ ಕೆಳಗಿನ ತಗಡಿನ ಟ್ರಂಕಿಗೆ ಹೋಗುತ್ತಿತ್ತು. ಅವಳು ಬಚ್ಚಲಿನಲ್ಲಿದ್ದಾಗ ನಾನು ಒಮ್ಮೆ ಎಣಿಸಿದ್ದೆ, ಹತ್ತೊಂಬತ್ತು ಪ್ರತಿಗಳಿದ್ದವು. ಒಂದೇ ಪುಸ್ತಕ, ಒಂದೇ ಮುಖಪುಟ, ಒಂದೇ ಕೆಂಪು. ಅಂದಿನಿಂದ ಆ ಮಂಚದ ಮೇಲೆ ಮಲಗುವಾಗ ಕೆಳಗೆ ಯಾರನ್ನೋ ಕೂಡಿಹಾಕಿದ್ದೇವೆ ಅನ್ನಿಸುತ್ತಿತ್ತು.

ನವರಾತ್ರಿಯಲ್ಲಿ ನಮ್ಮ ಮನೆಯಲ್ಲಿ ಪ್ರತಿ ವರ್ಷ ಒಂದು ಜಗಳ ಆಗುತ್ತಿತ್ತು. ಸರಸ್ವತಿ ಪೂಜೆಗೆ ನನ್ನ ಶಾಲೆಯ ಪುಸ್ತಕಗಳ ಜೊತೆ ಪದ್ದತ್ತೆ ಬೀರುವಿನ ಪುಸ್ತಕಗಳನ್ನೆಲ್ಲ ತಂದು ಮಣೆಯ ಮೇಲೆ ಜೋಡಿಸುತ್ತಿದ್ದಳು. ಒಂದೊಂದರ ಬೆನ್ನಿಗೂ ಅರಿಶಿನ ಕುಂಕುಮ. ಅಮ್ಮನಿಗೆ ಇದು ಸಹಿಸುತ್ತಿರಲಿಲ್ಲ.

"ಸರಸ್ವತಿ ಪಕ್ಕದಲ್ಲಿ ಪಿಸ್ತೂಲ್ ಹಿಡ್ಕೊಂಡೋನು ಯಾಕೆ ಅತ್ತಿಗೆ?"

"ದುರ್ಗೆ ಕೈಲಿ ಎಷ್ಟು ಆಯುಧ ಇದೆ ಎಣಿಸು ಮೊದ್ಲು. ಆಮೇಲೆ ಇವನ್ನ ಕೇಳು."

"ನಿಮ್ಮಕ್ಕನಿಗೆ ನೀವಾದ್ರೂ ಹೇಳಿ."

ಅಪ್ಪ ಪಂಚೆ ಸರಿಮಾಡಿಕೊಂಡು ಗಂಟೆ ಬಾರಿಸಲು ಶುರು ಮಾಡುತ್ತಿದ್ದರು. ಗಂಟೆ ಬಾರಿಸುವಾಗ ಯಾರೂ ಮಾತಾಡಬಾರದು ಎಂಬುದು ಅವರು ಮಾಡಿಕೊಂಡಿದ್ದ ನಿಯಮ. ಟ್ರಂಕಿನಲ್ಲಿದ್ದ ಪುಸ್ತಕಗಳು ಯಾವ ವರ್ಷವೂ ಪೂಜೆಗೆ ಬರಲಿಲ್ಲ. ಅದನ್ನು ನಾನೊಬ್ಬಳೇ ಗಮನಿಸಿದ್ದೆ.

ಮನೆಯ ಮಾಲೀಕ ಮುನಿಕೃಷ್ಣಪ್ಪನವರು ಮಹಡಿಯ ಮೇಲಿದ್ದರು. ನಮ್ಮ ಬೀದಿಯಿದ್ದ ಜಾಗ ಒಂದು ಕಾಲಕ್ಕೆ ಅವರ ರಾಗಿ ಹೊಲ. ಆ ವರ್ಷ ದಸರೆಯ ನಂತರ ಗೋಡೆಗೆ ನೀರು ಜಿನುಗುತ್ತಿದೆ ಎಂದು ಅಮ್ಮ ದೂರು ಹೇಳಿದ್ದಕ್ಕೆ ಕೆಳಗಿಳಿದು ಬಂದು, ನಮ್ಮ ಕೋಣೆಯೊಳಗೆ ಬಂದವರು ಗೋಡೆಯನ್ನು ನೋಡಲೇ ಇಲ್ಲ. ಬೀರುವಿನ ಮುಂದೆ ನಿಂತುಬಿಟ್ಟರು.

"ಅಯ್ಯೋ, ಇವ್ನು ನಮ್ ಭಾರ್ಗವ ಅಲ್ವಾ! ಹೊಸಕೆರೆಹಳ್ಳಿ ಕೆರೆ ಏರಿ ಮೇಲೆ ಕೂತ್ಕೊಂಡು ಓದ್ತಿದ್ದೆ ಕಣಮ್ಮಾ. ಎಮ್ಮೆ ಯಾರ್ದೋ ಹೊಲಕ್ ನುಗ್ಗಿ ನಮ್ಮಪ್ಪ ಬಾರ್ಕೋಲಲ್ಲಿ ಬಾರ್ಸಿದ್ರೂ ಪುಸ್ತಕ ಕೆಳಗಿಟ್ಟಿರ್ಲಿಲ್ಲ. ಎಲ್ಲಾ ಇದಾವೆ. ಕೆಂಪು ದೀಪಸ್ತಂಭ ಎಲ್ಲಿ?"

"ಅದೊಂದು ಸಿಗ್ಲೇ ಇಲ್ಲ," ಎಂದಳು ಪದ್ದತ್ತೆ.

"ಅಯ್ಯೋ, ಅದೇ ಕಣಮ್ಮ ಇರೋದು! ಕೊನೇಲಿ ಪಿಸ್ತೂಲ್ನ ಸಮುದ್ರಕ್ಕೆ ಎಸ್ದು, ಇನ್ಮೇಲೆ ಯಾರ್ನೂ ಅಟ್ಟಿಸ್ಕೊಂಡ್ ಹೋಗಲ್ಲ ಅಂತ ದೀಪ ಹಚ್ಚಿ ಅಲ್ಲೇ ಕೂತ್ಕೋತಾನಲ್ಲ, ನಾನು ಅತ್ಬಿಟ್ಟಿದ್ದೆ. ಗಂಡ್ಸಾಗಿ!"

ನಾನು ಮಂಚದ ಮೇಲೆ, ಆ ಟ್ರಂಕಿನ ಸರಿಯಾಗಿ ಮೇಲೆ ಕೂತಿದ್ದೆ. ದೊಡ್ಡವರು ಸುಳ್ಳು ಹೇಳುವುದನ್ನು ನಾನು ಮೊದಲೂ ಕೇಳಿದ್ದೆ. ಆದರೆ ಹೇಳಿದ ಮೇಲೆ ಹೀಗೆ ಬೆವರುವುದನ್ನು ನೋಡಿರಲಿಲ್ಲ. ಗೋಡೆಯ ಮಾತು ಅಲ್ಲಿಗೇ ನಿಂತಿತು. ಮೂರು ವಾರದ ನಂತರ ಮುನಿಕೃಷ್ಣಪ್ಪನವರು ಮೆಟ್ಟಿಲಿನಿಂದಲೇ ಕೂಗುತ್ತ ಬಂದರು. ವಿಕ್ರಮಕೇತು ಬದುಕಿದ್ದಾರೆ, ಬಿಳೇಕಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾರೆ, ತಾವೇ ಹೋಗಿ ನೋಡಿ ಬಂದದ್ದಾಯಿತು. ನಮ್ಮ ಬೀದಿಯ ರಾಜ್ಯೋತ್ಸವಕ್ಕೆ ಅವರೇ ಮುಖ್ಯ ಅತಿಥಿ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಪದ್ದಮ್ಮನ ಪುಸ್ತಕಗಳದೇ ಪ್ರದರ್ಶನ. ವೇದಿಕೆಗೆ ಹೋಗುವ ಮುಂಚೆ ಕಾಫಿಗೆ ಅವರನ್ನು ನಮ್ಮ ಮನೆಗೇ ಕರೆತರುತ್ತಾರೆ. ಅಮ್ಮನಿಗೆ ಮೊದಲ ಬಾರಿಗೆ ಆ ಪುಸ್ತಕಗಳ ಮೇಲೆ ಪ್ರೀತಿ ಬಂತು. ಹೊಸ ಲೋಟಗಳನ್ನು ಅಟ್ಟದಿಂದ ಇಳಿಸಿದಳು. ಪದ್ದತ್ತೆ ಆ ದಿನ ಊಟ ಮಾಡಲಿಲ್ಲ.

ಮರುದಿನ ಮಧ್ಯಾಹ್ನ ಅವಳು ಸೀರೆಯೊಂದರ ಅಂಚು ಹೊಲಿಯುತ್ತಿದ್ದಾಗ ನಾನು ಕೇಳಿದೆ.

"ಟ್ರಂಕಲ್ಲಿ ಅಷ್ಟೊಂದು ಇದೆಯಲ್ಲ, ಯಾಕೆ ಇಲ್ಲ ಅಂದೆ?"

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಬಹುಶಃ ಯಾರಾದರೂ ಕೇಳಲಿ ಎಂದು ಬಹಳ ವರ್ಷದಿಂದ ಕಾದಿದ್ದಳು. ಕೇಳಿದವಳು ನಾನು, ಅಷ್ಟೆ. ಪ್ರೆಸ್ಸಿನಲ್ಲಿ ಒಂದು ರೂಢಿಯಿತ್ತು. ಲೇಖಕರು ಕೊಟ್ಟ ಕೈಬರಹವನ್ನು ನೋಡಿಕೊಂಡು ಮೊಳೆ ಜೋಡಿಸುವುದು, ಜೋಡಿಸಿ ಮುಗಿದ ಹಾಳೆಯನ್ನು ಎಡಗಡೆಯ ಬುಟ್ಟಿಗೆ ಹಾಕುವುದು. ಮಸಿ ಹತ್ತಿದ ಕೈ ಒರೆಸಲಿಕ್ಕೆ, ಸೀಮೆಎಣ್ಣೆಯಲ್ಲಿ ತೊಳೆದ ಮೊಳೆ ಒರೆಸಲಿಕ್ಕೆ ಆ ಹಾಳೆಗಳೇ. ಕೆಂಪು ದೀಪಸ್ತಂಭದ ಕೊನೆಯ ದಿನ ಬೈಂಡಿಂಗಿನವನು ಬಾಗಿಲಲ್ಲಿ ಕಾಯುತ್ತಿದ್ದ. ಪದ್ದತ್ತೆ ನೀರು ಕುಡಿಯಲು ಎದ್ದವಳು ಕೈಯಲ್ಲಿದ್ದ, ಇನ್ನೂ ಜೋಡಿಸದ ಕೊನೆಯ ನಾಲ್ಕು ಹಾಳೆಗಳನ್ನು ಬಲಗಡೆ ಇಡುವ ಬದಲು ಎಡಗಡೆ ಇಟ್ಟಳು. ಬಂದು, ಅಭ್ಯಾಸಬಲದಿಂದ, ಅವುಗಳಿಂದಲೇ ಮೊಳೆ ಒರೆಸಿದಳು. ಒರೆಸಿ ಮುಗಿದ ಮೇಲೆ ಮುಂದಿನ ಹಾಳೆಗೆ ಕೈ ಹಾಕಿದರೆ ಹಾಳೆಯೇ ಇಲ್ಲ. ಕಥೆಯ ಕೊನೆ ಅವಳ ಕೈಯಲ್ಲಿ ಕಪ್ಪು ಮುದ್ದೆಯಾಗಿತ್ತು. ಲೇಖಕರ ಹತ್ತಿರ ಇನ್ನೊಂದು ಪ್ರತಿ ಇರಲಿಲ್ಲ. ಹೇಳಿದರೆ ಕೆಲಸ ಹೋಗುತ್ತಿತ್ತು, ಅವಳ ದುಡಿಮೆಯಲ್ಲಿ ನಡೆಯುತ್ತಿದ್ದ ಅಪ್ಪನ ಓದು ನಿಲ್ಲುತ್ತಿತ್ತು.

"ಆಮೇಲೆ?"

"ಆಮೇಲೆ ಏನು, ನಾನೇ ಜೋಡಿಸ್ದೆ. ನಾಲ್ಕು ಪುಟ."

"ಬರೆದು?"

"ಬರೆಯೋಕೆ ಟೈಮ್ ಎಲ್ಲಿತ್ತು? ಹಾಗೇ ಒಂದೊಂದೇ ಮೊಳೆ ಹೆಕ್ಕಿ. ಕೈ ಹೋದ ಹಾಗೆ."

"ಅವನು ಯಾಕೆ ಪಿಸ್ತೂಲ್ ಎಸೆದ?"

"ಬೆಳಗ್ಗೆಯಿಂದ ನಿಂತೇ ಇದ್ದೆ ಕಣೇ, ಕಾಲು ಸೇದ್ತಿತ್ತು. ಅವನಿಗೂ ಸುಸ್ತಾಗಿರುತ್ತೆ, ಕೂತ್ಕೊಳ್ಲಿ ಅನ್ನಿಸ್ತು."

ಪ್ರೂಫ್ ನೋಡಿದವರು ಅವಸರದಲ್ಲಿ ಅಕ್ಷರ ತಿದ್ದಿದರೇ ಹೊರತು ಕೈಬರಹದ ಜೊತೆ ಹೋಲಿಸಲಿಲ್ಲ. ಪುಸ್ತಕ ಹೊರಬಂತು. ಅದರ ನಂತರ ವಿಕ್ರಮಕೇತು ಭಾರ್ಗವನ ಇನ್ನೊಂದು ಪುಸ್ತಕ ಬರೆಯಲಿಲ್ಲ. ಊರಿನಲ್ಲಿ ಎಲ್ಲಿ ಸಿಕ್ಕರೂ ಪದ್ದತ್ತೆ ಅದನ್ನು ಕೊಳ್ಳುತ್ತ ಹೋದಳು. ಒಂದೊಂದು ಪ್ರತಿ ಟ್ರಂಕಿಗೆ ಬಂದಾಗಲೂ ಒಬ್ಬ ಸಾಕ್ಷಿ ಕಡಿಮೆಯಾದ ಹಾಗೆ. ಇದನ್ನೆಲ್ಲ ಹೇಳಿ, ತನ್ನ ತಲೆಯ ಮೇಲೆ ನನ್ನ ಕೈ ಇಡಿಸಿಕೊಂಡು, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿದಳು. ಅವತ್ತಿನಿಂದ ಕಾರ್ಯಕ್ರಮದವರೆಗೆ ಒಂಬತ್ತು ದಿನ. ನನಗೆ ಶಾಲೆಯಲ್ಲಿ ಪಾಠ ತಲೆಗೆ ಹತ್ತಲಿಲ್ಲ. ಯಾರಾದರೂ ಗೇಟು ತೆಗೆದರೆ ಓಡಿಹೋಗಿ ಕಿಟಕಿಯಿಂದ ನೋಡುತ್ತಿದ್ದೆ. ನಾನು ಇವತ್ತಿಗೂ ಫೋನು ರಿಂಗಾದರೆ ಮೊದಲು ಏನು ತಪ್ಪು ಮಾಡಿದೆ ಎಂದು ಯೋಚಿಸುತ್ತೇನೆ. ಆ ಒಂಬತ್ತು ದಿನಗಳಲ್ಲಿ ಅದು ಅಭ್ಯಾಸವಾಗಿ ಹೋಯಿತು.

ಶುಕ್ರವಾರ ಶಾಲೆಯಿಂದ ಬಂದಾಗ ಅಮ್ಮ ನಗುನಗುತ್ತ ಇದ್ದಳು. ಕೋಣೆ ಗುಡಿಸುವಾಗ ಟ್ರಂಕಿನ ಮುಚ್ಚಳ ತೆಗೆದು ನೋಡಿದ್ದಳು.

"ನಿಮ್ಮತ್ತೆಗೆ ಮರೆವು ಜಾಸ್ತಿ ಆಗಿದೆ. ಸಿಗ್ಲೇ ಇಲ್ಲ ಅಂದ್ರಂತೆ, ಇಲ್ಲಿ ನೋಡಿದ್ರೆ ರಾಶಿ. ಒಂದು ತಗೊಂಡೋಗಿ ಓನರ್‌ಗೆ ಕೊಟ್ಟೆ. ಎಷ್ಟು ಖುಷಿಪಟ್ರು ಗೊತ್ತಾ! ಕೊನೆ ನಾಲ್ಕು ಪುಟ ಸ್ಟೇಜ್ ಮೇಲೆ ಅವರೇ ಓದ್ತಾರಂತೆ. ಅತ್ತೆಗೆ ಹೇಳ್ಬೇಡ, ಸರ್‌ಪ್ರೈಸ್."

ನಾನು ಹೇಳಲಿಲ್ಲ. ಅಮ್ಮ ಹೇಳಬೇಡ ಎಂದದ್ದಕ್ಕಲ್ಲ. ಪದ್ದತ್ತೆ ಎರಡು ದಿನದಿಂದ ಸ್ವಲ್ಪ ಊಟ ಮಾಡುತ್ತಿದ್ದಳು, ಬೂದು ಬಣ್ಣದ ಸೀರೆಗೆ ಇಸ್ತ್ರಿ ಹಾಕಿಟ್ಟಿದ್ದಳು. ಹೇಳಿದರೆ ಅದು ನಿಂತುಹೋಗುತ್ತದೆ ಎಂದು ಹೆದರಿದೆ. ಶನಿವಾರ ಹೇಳೋಣ ಅಂದುಕೊಂಡೆ. ಶನಿವಾರವೂ ಹೋಯಿತು.

ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ವಿಕ್ರಮಕೇತು ಬಂದರು. ನಾನು ಹಡಗಿನ ಕಪ್ತಾನನಂಥವರನ್ನು ಕಲ್ಪಿಸಿಕೊಂಡಿದ್ದೆ. ಬಂದವರು ಕಂದು ಸ್ವೆಟರು ಹಾಕಿದ್ದ ನಿವೃತ್ತ ಶಾಲಾ ಮೇಷ್ಟ್ರು. ಬೀರುವಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು, ಒಂದೊಂದೇ ಪುಸ್ತಕವನ್ನು ತೆಗೆದು ನೋಡಿದರು. ತಮ್ಮ ಹತ್ತಿರ ಒಂದೂ ಉಳಿದಿಲ್ಲ, ಮನೆ ಬದಲಾಯಿಸುವಾಗ ಎಲ್ಲ ರದ್ದಿಗೆ ಹೋದವು ಎಂದರು. ಮುನಿಕೃಷ್ಣಪ್ಪನವರು ತಡೆಯಲಾರದೆ ಜೇಬಿನಿಂದ ಕೆಂಪು ದೀಪಸ್ತಂಭವನ್ನು ತೆಗೆದು ಅವರ ಕೈಗೆ ಕೊಟ್ಟರು.

"ಸಾರ್, ಇದ್ರ ಕೊನೆ ಭಾಗ ಇವತ್ತು ನಾನೇ ಓದ್ತೀನಿ. ಪದ್ದಮ್ಮ, ನಿಮ್ ಟ್ರಂಕಿಂದೇ! ಸಿಕ್ತು ನೋಡಿ!"

ಪದ್ದತ್ತೆ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಅಷ್ಟರಲ್ಲಿ ಬೀದಿಯಿಂದ ಯಾರೋ ಮೈಕ್ ಸೆಟ್ಟಿನವನು ಕರೆಯುತ್ತಿದ್ದಾನೆ ಎಂದು ಕೂಗಿದರು. ಮುನಿಕೃಷ್ಣಪ್ಪನವರು ಅಪ್ಪನನ್ನೂ ಎಳೆದುಕೊಂಡು ಹೊರಟರು. ಅಮ್ಮ ಒಳಗೆ ಕಾಫಿ ಸೋಸುತ್ತಿದ್ದಳು. ಕೋಣೆಯಲ್ಲಿ ಉಳಿದದ್ದು ನಾವು ಮೂವರು. ಆ ಪುಸ್ತಕ ಲೇಖಕರ ತೊಡೆಯ ಮೇಲಿತ್ತು. ಅವರು ಅದನ್ನು ತೆರೆಯಲಿಲ್ಲ.

"ಇದನ್ನ ಓದೋದು ಬೇಡಮ್ಮ. ಅವರಿಗೆ ನೀವೇ ಹೇಳ್ಬಿಡಿ. ಇದರ ಕೊನೆ ನಾನು ಬರೆದದ್ದಲ್ಲ. ಪ್ರೆಸ್ಸಿನ ಯಜಮಾನ ನಂಜುಂಡಯ್ಯ ಯಾರ ಕೈಲೋ ಬರೆಸಿ ಹಾಕ್ದ. ಭಾರ್ಗವನ್ನ ಮುಗಿಸಿ ಬೇರೆ ಲೇಖಕನ್ನ ಹಿಡಿಯೋ ಯೋಚನೆ ಅವನಿಗೆ. ನಾನಲ್ಲ ಅಂತ ಮಕ್ಕಳ ಮೇಲೆ ಆಣೆ ಇಟ್ಟ. ಮಕ್ಕಳ ಮೇಲೆ! ನಾನು ನಂಬ್ಲಿಲ್ಲ. ಒಂದೇ ತಟ್ಟೇಲಿ ಉಂಡಿದ್ವಿ ನಾವು. ಆಮೇಲೆ ಅವನ ಮುಖ ನೋಡ್ಲಿಲ್ಲ. ಸತ್ತಾಗಲೂ ಹೋಗ್ಲಿಲ್ಲ."

ಇದು ನನಗೆ ಹೊಸದು. ಆದರೆ ಪದ್ದತ್ತೆಗೆ ಹೊಸದಲ್ಲ ಎಂಬುದು ಅವಳನ್ನು ನೋಡಿದ ತಕ್ಷಣ ತಿಳಿಯಿತು. ಆ ಜಗಳ ಆದಾಗ, ಆ ಆಣೆ ಇಟ್ಟಾಗ, ಅವಳು ಪ್ರೆಸ್ಸಿನ ಅದೇ ಕೋಣೆಯಲ್ಲಿ ತಲೆ ತಗ್ಗಿಸಿ ಮೊಳೆ ಜೋಡಿಸುತ್ತ ನಿಂತಿದ್ದಳು. ನನಗೆ ಅವಳು ಅರ್ಧ ಮಾತ್ರ ಹೇಳಿದ್ದಳು.

"ನಾನು ಸಾರ್," ಎಂದಳು. ಬಹಳ ಸಣ್ಣ ದನಿ. "ನಾನು ಅಲ್ಲಿ ಕಂಪೋಸಿಟರ್ ಆಗಿದ್ದೆ. ನಿಮ್ಮ ಹಾಳೆ ನನ್ನ ಕೈಲಿ ಹಾಳಾಯ್ತು. ಅವರಿಗೆ ಏನೂ ಗೊತ್ತಿರ್ಲಿಲ್ಲ."

ಹೊರಗೆ ಮೈಕಿನವನು "ಹಲೋ, ಹಲೋ, ಚೆಕ್" ಎನ್ನುತ್ತಿದ್ದ. ಅವರು ತೊಡೆಯ ಮೇಲಿನ ಪುಸ್ತಕವನ್ನು ತಿರುಗಿಸಿ ಬೋರಲು ಇಟ್ಟರು. ಕಿರುಚುತ್ತಾರೆ ಅಂದುಕೊಂಡೆ. ಕಿರುಚಿದ್ದರೆ ನಮಗೆಲ್ಲ ಹಗುರವಾಗುತ್ತಿತ್ತು. ಕೊನೆಗೆ ಅವರು ಕೇಳಿದ್ದು ನಾನು ಎಣಿಸಿರದ ಮಾತು.

"ನನ್ನ ಹಾಳೇಲಿ ಏನಿತ್ತು? ನಂಗೆ ನೆನಪಿಲ್ಲ. ಜಗಳದಲ್ಲಿ ಅದೇ ಮರ್ತೋಯ್ತು. ನೀವು ಓದಿದ್ರಾ?"

"ಇಲ್ಲ ಸಾರ್. ಒರೆಸಿದ ಮೇಲೆ ಬಿಡಿಸಿ ನೋಡ್ದೆ. ಮೂರು ಕಡೆ ಮಾತ್ರ ಓದೋಕೆ ಆಯ್ತು." ಅವಳು ಕಣ್ಣು ಮುಚ್ಚಿ, ಮಗ್ಗಿ ಒಪ್ಪಿಸುವವಳ ಹಾಗೆ ಹೇಳಿದಳು. "ಒಂದು, ಹಾಯಿ ಹರಿದಿತ್ತು. ಇನ್ನೊಂದು, ಎಡಗೈಯಲ್ಲಿ. ಮೂರನೇದು, ಅವಳು ನಗಲಿಲ್ಲ."

"ಅವಳಾ? ಆ ಕಥೇಲಿ ಹೆಂಗಸೇ ಇಲ್ವಲ್ಲಮ್ಮ."

"ಅಷ್ಟೇ ಇದ್ದದ್ದು ಸಾರ್."

"ಹಾಗಾದ್ರೆ ಕೊನೇಲಿ ಬಂದಿರ್ಬೇಕು ಯಾರೋ." ಅವರು ತಮ್ಮ ಎಡಗೈಯನ್ನು ಎತ್ತಿ ನೋಡಿಕೊಂಡರು. ತುಟಿ ಅಲ್ಲಾಡುತ್ತಿತ್ತು. "ಹಾಯಿ ಹರಿದಿತ್ತು. ಅವಳು ನಗಲಿಲ್ಲ. ಯಾರಿರ್ಬಹುದು?"

ಅಮ್ಮ ಕಾಫಿ ತಂದಳು. ಯಾರೂ ಕುಡಿಯಲಿಲ್ಲ. ಮುನಿಕೃಷ್ಣಪ್ಪನವರು ಕರೆಯಲು ಬಂದಾಗ ಅವರು ಪುಸ್ತಕವನ್ನು ಪದ್ದತ್ತೆಯ ಕೈಗೆ ಕೊಟ್ಟು ಎದ್ದರು. "ಇದು ಬೇಡ, ಸುರಂಗದ್ದು ಓದಿ," ಎಂದಷ್ಟೇ ಹೇಳಿದರು. ಅವಳಿಗೆ ನಮಸ್ಕಾರ ಮಾಡಲಿಲ್ಲ, ಅವಳ ಮೇಲೆ ಕೋಪವನ್ನೂ ತೋರಿಸಲಿಲ್ಲ. ಅಮ್ಮ ಅಪ್ಪ ಇಬ್ಬರೂ ಅವರ ಹಿಂದೆ ಹೋದರು. ತಲೆನೋವು ಎಂದು ಪದ್ದತ್ತೆ ಉಳಿದಳು. ನಾನು ಅವಳ ಜೊತೆ ಉಳಿದೆ.

ಬೀದಿಯ ತುದಿಯಲ್ಲೇ ಪೆಂಡಾಲು. ಧ್ವನಿವರ್ಧಕ ನಮ್ಮ ಕಿಟಕಿಗೆ ಮುಖ ಮಾಡಿತ್ತು. ಪೇಟ ಇಟ್ಟದ್ದು, ಶಾಲು ಹೊದಿಸಿದ್ದು, ಹಣ್ಣಿನ ಬುಟ್ಟಿ, ಚಪ್ಪಾಳೆ ಎಲ್ಲವನ್ನೂ ಕೂತಲ್ಲಿಂದಲೇ ಕೇಳಿದೆವು. ಈಗ ಅತಿಥಿಗಳ ಮಾತು ಎಂದರು. ಪದ್ದತ್ತೆ ಎದ್ದು ಕಿಟಕಿ ಮುಚ್ಚಲು ಹೋದಳು, ಅರ್ಧ ಮುಚ್ಚಿ ನಿಂತಳು. ಅವಳ ಹೆಸರು ಬರುತ್ತದೆ ಎಂದು ನಾನು ಕಾದೆ. ಇಡೀ ಬೀದಿ ಕೇಳುತ್ತದೆ, ನಾಳೆ ಹಾಲು ತರಲು ಹೋಗುವುದು ಹೇಗೆ ಎಂದು ಯೋಚಿಸಿದೆ. ಅವರು ಶಾಲೆಯ ಬಗ್ಗೆ ಎರಡು ಮಾತಾಡಿದರು, ಕೆಮ್ಮಿದರು. ಆಮೇಲೆ ಹೇಳಿದರು.

"ನಂಜುಂಡಯ್ಯ ಅಂತ ನನ್ನ ಸ್ನೇಹಿತ ಒಬ್ಬನಿದ್ದ. ನನ್ನ ಪುಸ್ತಕಗಳನ್ನ ಅಚ್ಚು ಹಾಕಿದವನು. ಅವನು ನನಗೊಂದು ಮಾತು ಹೇಳಿದ್ದ. ನಾನು ನಂಬಲಿಲ್ಲ. ಅವನು ಹೇಳಿದ್ದು ನಿಜ. ಇಷ್ಟೇ. ಎಲ್ಲರಿಗೂ ನಮಸ್ಕಾರ."

ಜನ ಯಾವ ಮಾತು ಎಂದು ತಿಳಿಯದೆಯೂ ಜೋರಾಗಿ ಚಪ್ಪಾಳೆ ತಟ್ಟಿದರು. ಪದ್ದತ್ತೆ ಚಪ್ಪಾಳೆ ನಿಲ್ಲುವವರೆಗೆ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಬಚಾವಾದೆವು ಎಂದು ನಾನು ಅವಳ ಸೊಂಟ ಅಪ್ಪಿಕೊಂಡೆ. ಅವಳು ನನ್ನ ಕೈ ಬಿಡಿಸಿದಳು.

"ಯಾರಿಗೆ ಹೇಳ್ಬೇಕಿತ್ತೋ ಅವರಿಗೆ ಇನ್ನೂ ಹೇಳಿಲ್ವಲ್ಲೇ," ಎಂದಳು.

ಮಾರನೆಯ ದಿನ ನನಗೆ ಹೊಟ್ಟೆನೋವೆಂದು ಸುಳ್ಳು ರಜೆ ಹಾಕಿಸಿ, ಬನಶಂಕರಿಯಿಂದ ಬಸ್ಸು ಹತ್ತಿಸಿದಳು. ನಂಜುಂಡಯ್ಯನವರ ಹೆಂಡತಿ ಚಾಮರಾಜಪೇಟೆಯ ಅದೇ ಹಳೇ ಮನೆಯಲ್ಲಿದ್ದಾರೆ ಎಂಬುದು ಅವಳಿಗೆ ಗೊತ್ತಿತ್ತು. ಎಷ್ಟೋ ಸಲ ಆ ಬೀದಿಯ ತಿರುವಿನವರೆಗೆ ಹೋಗಿ ವಾಪಸು ಬಂದಿದ್ದಳಂತೆ. ಒಬ್ಬಳೇ ಹೋದರೆ ಇವತ್ತೂ ಹಿಂದಿರುಗುತ್ತೇನೆಂಬ ಭಯಕ್ಕೆ ನನ್ನನ್ನು ಕರೆತಂದಿದ್ದಳು. ದಾರಿಯುದ್ದಕ್ಕೂ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳು ಬೆಳ್ಳಗಾಗಿದ್ದವು. ತಿರುವು ಬಂತು. ಅವಳ ನಡಿಗೆ ನಿಧಾನವಾಯಿತು. ನಾನು ಎಳೆದೆ. ಹಸಿರು ಬಾಗಿಲನ್ನು ಅವಳು ಒಂದೇ ಸಲ, ಮೆಲ್ಲಗೆ ತಟ್ಟಿದಳು. ಬಹಳ ಹೊತ್ತಿನ ಮೇಲೆ ಬಿಳೀ ಕೂದಲಿನ, ದಪ್ಪ ಗಾಜಿನ ಕನ್ನಡಕದ ಅಜ್ಜಿಯೊಬ್ಬರು ಬಾಗಿಲು ತೆಗೆದು ನಮ್ಮನ್ನು ಮೇಲಿನಿಂದ ಕೆಳಗೆ ನೋಡಿದರು.

"ಯಾರು ಬೇಕಿತ್ತು?"

"ನಾನು ಪದ್ಮಾವತಿ ಅಂತ. ಯಜಮಾನರ ಪ್ರೆಸ್ಸಲ್ಲಿ ಕೆಲಸಕ್ಕಿದ್ದೆ. ಒಂದು ವಿಷಯ ಹೇಳೋದಿತ್ತು."

"ಇಷ್ಟು ವರ್ಷ ಆದ್ಮೇಲೆ?"

"ಹೂಂ."

ಅಜ್ಜಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಪದ್ದತ್ತೆ ಚಪ್ಪಲಿ ಬಿಟ್ಟು, ಅದನ್ನು ಕಾಲಿನಿಂದಲೇ ಗೋಡೆಯ ಹತ್ತಿರ ಜೋಡಿಸಿದಳು. ನಾನೂ ಚಪ್ಪಲಿ ಬಿಡಲು ಬಗ್ಗಿದೆ.

"ನೀನು ಇಲ್ಲೇ ಕೂತಿರು ಪುಟ್ಟಿ," ಎಂದಳು. ನನ್ನ ಕೈ ಬಿಟ್ಟು ಒಬ್ಬಳೇ ಒಳಗೆ ಹೋದಳು.